ಖಾಜಾಸಾಬರ ಹನ್ನೆರಡು ಚೀಲ

ಬೆಳಿಗ್ಗೆ ಎಂಟಕ್ಕೆ ದಾದರ್‌ನಲ್ಲಿ ಇಳಿದಾಗ ಮಳೆ ರಪರಪ ಬಡಿಯುತ್ತಿತ್ತು. ನನ್ನ ಬ್ಯಾಗಿನಲ್ಲಿದ್ದದ್ದು ಕಾಶ್ಮೀರದ ಒಂದು ದಿಬ್ಬದ ಮಣ್ಣು, ಸಾವಿರಾರು ವರ್ಷ ಗಾಳಿ ತಂದು ಪದರ ಪದರವಾಗಿ ಸುರಿದ ದೂಳು. ಮಳೆ ಚೆನ್ನಾಗಿದ್ದ ಬೆಚ್ಚನೆಯ ಕಾಲದ ಪದರಕ್ಕೆ ಕಾಂತಗುಣ ಹೆಚ್ಚು, ಒಣ ಚಳಿಯ ಕಾಲದ್ದಕ್ಕೆ ಕಡಿಮೆ. ಅದನ್ನು ಅಳೆದರೆ ಅಂದಿನ ಹವೆ ತಿಳಿಯುತ್ತದೆ. ಮಧ್ಯಾಹ್ನ ಎರಡಕ್ಕೆ ಮಲಾಡಿನ ಪ್ರಯೋಗಾಲಯದಲ್ಲಿ ಯಂತ್ರ ನನ್ನ ಪಾಲಿಗಿತ್ತು. ಆರು ತಿಂಗಳು ಕಾದು ಪಡೆದ ಸಮಯವದು.

ಮೊದಲು ಆಂಟಾಪ್ ಹಿಲ್‌ಗೆ ಟ್ಯಾಕ್ಸಿ ಹಿಡಿದೆ. ಮಣ್ಣಿಗಾಗಿ ಬಟ್ಟೆ ಚೀಲ ಹೊಲಿದುಕೊಟ್ಟಿದ್ದ ವಿಜಯಪುರ ಕಡೆಯ ಟೇಲರ್ ಖಾಜಾಸಾಬರಿಗೆ ಒಂದಿಷ್ಟು ಅಖರೋಟು ಕೊಡಬೇಕಿತ್ತು. ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಕಾಲು ಜಾರಿ ಬ್ಯಾಗಿನ ಸಮೇತ ಧೊಪ್ಪೆಂದು ಬಿದ್ದೆ.

ಖಾಜಾಸಾಬರ ಅಂಗಡಿಯಲ್ಲಿ ಬ್ಯಾಗು ಬಿಚ್ಚಿ ನೋಡಿದೆ. ಚೀಲಗಳೊಳಗಿನ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಣ್ಣೇನೋ ಒಣಗಿಯೇ ಇತ್ತು. ಚೀಲಗಳ ಮೇಲಿನ ಸಂಖ್ಯೆಗಳೆಲ್ಲ ನೀಲಿ ಕಲೆಯಾಗಿದ್ದವು. ಚಳಿಗೆ ಮಾರ್ಕರ್ ಕೈಕೊಟ್ಟಿತೆಂದು ಶಾಯಿ ಪೆನ್ನಿನಲ್ಲಿ ಬರೆದ ಮಹಾ ಜಾಣೆ ನಾನು! ಯಾವುದು ಮೇಲಿನ ಪದರ, ಯಾವುದು ಕೆಳಗಿನದು ಗೊತ್ತಿಲ್ಲದಿದ್ದರೆ ಹನ್ನೆರಡು ಚೀಲವೂ ಬರೀ ಮಣ್ಣು. ಅಳು ಬಂದೇಬಿಟ್ಟಿತು.

“ಅಳಬ್ಯಾಡ್ರಿ ಅಕ್ಕಾರ. ಹೆಂಗ ತುಂಬಿದ್ರಿ, ಅದನ್ನ ಹೇಳ್ರಿ ಮೊದಲ,” ಎಂದರು ಖಾಜಾಸಾಬ್.

“ನೀವು ದಾರಕ್ಕೆ ಪೋಣಿಸಿಕೊಟ್ಟ ಹಾಗೇ ಚಾಚಾ. ಒಂದೊಂದೇ ಚೀಲ ಎಳೆದುಕೊಂಡು, ಮೇಲಿನ ಪದರದಿಂದ ತುಂಬುತ್ತ ಹೋದೆ.”

“ಹಂಗಾರ ಆತು ಬಿಡ್ರಿ!”

ಒಂದು ಚೀಲದ ಪೊಟ್ಟಣ ತೆಗೆದಿಟ್ಟು, ಚೀಲ ಮಗುಚಿ, ಒಳಗಿನ ಅಂಚು ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಮೂರು ಪುಟ್ಟ ಹೊಲಿಗೆ. ಇನ್ನೊಂದರಲ್ಲಿ ಏಳು. ನಾನು ಗಮನಿಸಿಯೇ ಇರಲಿಲ್ಲ.

“ಒಂದ ನಮೂನಿ ಅರಿವಿ ಕತ್ತರಿಸಿದ್ರ, ತುಂಡು ಅದಲು ಬದಲು ಆಗಬಾರದಂತ ಗುರ್ತು ಹಾಕತೀವ್ರಿ. ನಿಮ್ಮ ಚೀಲಕ್ಕೂ ಒಂದರಿಂದ ಹನ್ನೆರಡರ ತನಕ ಹಾಕೇನಿ, ಕೈಚಾಳಿ ನೋಡ್ರಿ. ಪೋಣಿಸಿದ್ದೂ ಅದ ಸಾಲಿನ್ಯಾಗ.”

ಆ ಎರಡು ಕೈಗಳನ್ನೂ ಹಿಡಿದು ಕಣ್ಣಿಗೊತ್ತಿಕೊಂಡೆ. “ಏ, ಬಿಡ್ರಿ ಅಕ್ಕಾರ, ಚಾ ಆರತೈತಿ,” ಎಂದು ನಾಚಿದರು.

ವಡಾಲಾದಿಂದ ಲೋಕಲ್ ಹತ್ತಿ, ಅಂಧೇರಿಯಲ್ಲಿ ಗಾಡಿ ಬದಲಿಸಿ, ನಿಂತೇ ವಡಾಪಾವ್ ತಿಂದು ಎರಡಕ್ಕೆ ಐದು ನಿಮಿಷವಿರುವಾಗ ಮಲಾಡಿನ ಪ್ರಯೋಗಾಲಯ ಮುಟ್ಟಿದೆ. ಹೊಲಿಗೆ ಎಣಿಸಿಕೊಂಡು ಒಂದೊಂದೇ ಮಾದರಿ ಇಟ್ಟೆ. ಮೊದಲ ಆರಕ್ಕೆ ಅಂಕಿ ತಗ್ಗಿನಲ್ಲೇ ಇತ್ತು. ಏಳನೆಯದಕ್ಕೆ ಒಮ್ಮೆಲೇ ಜಿಗಿಯಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರಿಂದ ನೆನೆಯದೆ ಉಳಿದಿದ್ದ ನನ್ನ ಟಿಪ್ಪಣಿ ಪುಸ್ತಕ ತೆರೆದೆ: ಏಳನೆಯ ಪದರ, ಕಡುಕಂದು, ಬೇರಿನ ಗುರುತು. ಆ ಕಣಿವೆಯಲ್ಲಿ ಹಿಂದೆಂದೋ ಚೆನ್ನಾಗಿ ಮಳೆ ಸುರಿದು ಹುಲ್ಲು ಬೆಳೆದಿತ್ತು.

ಹೊರಡುವಾಗ ಫಾರ್ಮು ಕೊಡಬೇಕಿತ್ತು. ‘ಮಾದರಿಗಳಿಗೆ ಕ್ರಮಸಂಖ್ಯೆ ಹಾಕಿದವರು’ ಎಂಬಲ್ಲಿ ಊರಿನಲ್ಲೇ ಬರೆದಿಟ್ಟ ನನ್ನ ಹೆಸರೂ ನೀರಿಗೆ ಕಲೆಸಿಹೋಗಿತ್ತು. ಅದರ ಮೇಲೇ ದಪ್ಪಗೆ ಬರೆದೆ: ಖಾಜಾಸಾಬ್, ಟೇಲರ್, ಆಂಟಾಪ್ ಹಿಲ್.

ಈ ಸಲ ಮಾರ್ಕರ್‌ನಲ್ಲಿ.