ಕಮರಿಪೇಟೆಯ ಅಟ್ಟದ ಮೇಲಿನ ಹವಳ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಗಾಜಿನ ಮೀನುತೊಟ್ಟಿ ಮಾಡಿ ಮಾರುತ್ತಿದ್ದ ಶಶಿಕಾಂತ, ಅವುಗಳೊಳಗೆ ಇಡಲು ತಮಿಳುನಾಡಿನ ಕರಾವಳಿಯಿಂದ ಬಿಳಿ ಹವಳ ತರಿಸುತ್ತಿದ್ದ. 2001ರಲ್ಲಿ ಹುಲಿಯನ್ನು ಕಾಯುವ ವನ್ಯಜೀವಿ ಕಾನೂನಿನೊಳಗೆ ಹವಳವೂ ಸೇರಿತು. ಪೇಪರಿನಲ್ಲಿ ಆ ಸುದ್ದಿ ಓದಿದಾಗ ಅವನ ಮನೆಯ ಅಟ್ಟದ ಮೇಲೆ ಆರು ಚೀಲ ಹವಳವಿತ್ತು.

ಅಂದಿನಿಂದ ಅಂಗಡಿಯ ಮುಂದೆ ಜೀಪು ನಿಂತರೆ ಸಾಕು, ಕೈಯಲ್ಲಿದ್ದ ಗಾಜು ಕೆಳಗಿಟ್ಟು ಬಾಗಿಲಿಗೆ ಬಂದು ಇಣುಕುತ್ತಿದ್ದ. ಮಾರಿದರೆ ಅಪರಾಧ, ಇಟ್ಟುಕೊಂಡರೆ ಭಯ.

"ಉಣಕಲ್ ಕೆರ್ಯಾಗ ಒಗದು ಬರ್ರಿ," ಎಂದಳು ಹೆಂಡತಿ ಸುಕನ್ಯಾ.

"ಒಗಿಯೂದು ಯಾರರ ಕಂಡ್ರ?"

ಅಟ್ಟಕ್ಕೆ ಬೀಗ ಬಿತ್ತು. ಮನೆ ಬಿಟ್ಟು ನೆಂಟರ ಮದುವೆಗೆ ಹೋಗುವುದೂ ನಿಂತಿತು.

ಎರಡು ವರ್ಷದ ಮೇಲೆ, ರಾಯಾಪುರದಲ್ಲಿ ಲಾಡ್ಜ್ ಕಟ್ಟಿಸುತ್ತಿದ್ದ ಮಹಾದೇವಪ್ಪ ಹೇಗೋ ಸುಳಿವು ಹಿಡಿದು ಬಂದ. "ಎಲ್ಲಾ ನನಗ ಕೊಡ್ರಿ, ಲಾಡ್ಜಿನ ಗ್ವಾಡಿಗೆ ಅಲಂಕಾರಕ್ಕ ಕೂಡಸ್ತೇನಿ. ಇಲ್ಲಂದ್ರ ಫಾರೆಸ್ಟಿನವ್ರಿಗೆ ಹೇಳಬೇಕಾಗ್ತೈತಿ ನೋಡ್ರಿ."

ಕೊಟ್ಟರೆ ಬದುಕಿಡೀ ಇವನ ಮುಷ್ಟಿಯಲ್ಲಿರಬೇಕು. ಮರುದಿನ ಶಶಿಕಾಂತ ತಾನೇ ಚೀಲಗಳನ್ನು ಟೆಂಪೋಗೆ ಹೇರಿ ಧಾರವಾಡದ ಅರಣ್ಯ ಕಚೇರಿಗೆ ಒಯ್ದ. ಅಲ್ಲಿನವರು ಕೂರಿಸಿ ಚಹಾ ಕೊಟ್ಟರು, ಕೇಸೂ ಹಾಕಿದರು.

ಅಲ್ಲಿಂದ ಕೋರ್ಟಿನ ಅಲೆದಾಟ. ಒಮ್ಮೆ, ಅದು ಹವಳವೇ ಎಂದು ಸಾಕ್ಷಿ ಹೇಳಲು ಬಂದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕಿ ಉಮಾಶ್ರೀ, ಹೊರಗಿನ ಬಾಕಿನ ಮೇಲೆ ಅವನ ಪಕ್ಕದಲ್ಲೇ ಕುಳಿತರು. "ಇದು ಸಣ್ಣ ಸಣ್ಣ ಜೀವ ಕಟ್ಟಿದ ಮನಿ ರೀ. ಮೀನು ಇದರಾಗ ಮರಿ ಮಾಡ್ತಾವ. ಸತ್ತ ಹವಳದ ಮ್ಯಾಲೂ ಹೊಸಾ ಹವಳ ಹತ್ತಿ ಬೆಳೀತಾವ. ಕೆಲವು ಕಡೆ ಹಂಗ ಬೆಳಸಾಕತ್ತಾರ."

ಎಷ್ಟೋ ವರ್ಷದ ಮೇಲೆ ಅವನ ಎದೆ ಹಗುರಾಯಿತು. "ಹಂಗಾರ ಇವನ್ನ ಸಮುದ್ರಕ್ಕ ಒಯ್ದು ಹಾಕೂಣಲ್ರಿ ಬಾಯಾರ!"

"ಕೇಸ್ ಮುಗಿಯೂ ತನಕ ಮುಟ್ಟಾಕ ಬರೂದಿಲ್ರಿ."

2008ರಲ್ಲಿ ಕೇಸು ಮುಗಿಯಿತು. ಕಾನೂನು ಬರುವ ಮೊದಲೇ ಕೊಂಡದ್ದೆಂದು ಶಶಿಕಾಂತನಿಗೆ ಖುಲಾಸೆಯಾಯಿತು. ಹವಳ ಮಾತ್ರ ಸರಕಾರದ ಸ್ವತ್ತಾಗಿ ಅರಣ್ಯ ಕಚೇರಿಯ ಗೋದಾಮಿನಲ್ಲೇ ಉಳಿಯಿತು. ಸಮುದ್ರಕ್ಕೆ ಕಳಿಸಲು ಯಾವ ಸಾಹೇಬರೂ ಸಹಿ ಹಾಕಲಿಲ್ಲ. ಆದರೂ ಅವನು ಆಗಾಗ ಅಂಗಡಿಗೆ ಬೀಗ ಹಾಕಿ, ಅರ್ಜಿ ಹಿಡಿದು ಧಾರವಾಡಕ್ಕೆ ಹೋಗುತ್ತಲೇ ಇದ್ದ.

"ಮನ್ಯಾಗಿನ ಪೀಡಾ ಹೋತಲ್ಲ, ಇನ್ನೂ ಯಾಕ ಅಡ್ಡಾಡ್ತೀರಿ?" ಎಂದು ಸುಕನ್ಯಾ ಕೇಳಿದರೆ, "ಕಿತ್ತು ತರಿಸಿದಾವ ನಾನ ಅಲ್ಲೇನು?" ಎನ್ನುತ್ತಿದ್ದ.

ಒಂದು ಸಲ ಹೊಸ ಸಾಹೇಬರು ಅರ್ಜಿ ಬಿಟ್ಟು ಹೋಗಲು ಹೇಳಿದರು.

"ಅರ್ಜಿ ಭಾಳ ಆಗ್ಯಾವ್ರಿ. ನೀವೊಮ್ಮೆ ಗೋದಾಮು ತಗದು ನೋಡ್ರಿ."

ಸಾಹೇಬರು ಕೀಲಿ ತರಲು ಜವಾನನನ್ನು ಕಳಿಸಿದರು. ಕೀಲಿ ಇದ್ದ ಗಾರ್ಡು ರಜೆಯ ಮೇಲಿದ್ದ. ಅವನು ಯಾವಾಗ ಬರುತ್ತಾನೆಂದು ಕೇಳಿಕೊಂಡು ಶಶಿಕಾಂತ ಹುಬ್ಬಳ್ಳಿಯ ಬಸ್ಸಿಗೆ ನಡೆದ.