ಎರಡು ಮಚ್ಚೆಗಳ ಬೆನ್ನು ಹತ್ತಿ ಒಂದು ಬುಧವಾರ

ಜುಲೈ 9, ಬುಧವಾರ, ಬೆಳಿಗ್ಗೆ 7.40. ಕೆ.ಆರ್. ಪುರದ ಬಸ್ ನಿಲ್ದಾಣದಲ್ಲಿ ತುಂತುರು ಮಳೆಯಲ್ಲಿ ಮೂವರು ನಿಂತಿದ್ದೆವು: ನಾನು, ಸಾಬಮ್ಮ, ಆಕೆಯ ಸೆರಗು ಹಿಡಿದ ಏಳು ವರ್ಷದ ಪದ್ಮಾ. (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.) ಸಾಬಮ್ಮ ಯಾದಗಿರಿ ಕಡೆಯವರು, ಸಿ.ವಿ. ರಾಮನ್ ನಗರದ ಒಂದು ಕಂಪನಿಯಲ್ಲಿ ಕಸ ಗುಡಿಸುತ್ತಾರೆ. ಪದ್ಮಾಳನ್ನು ಮಕ್ಕಳ ಮನೆಯಿಂದ ತಾತ್ಕಾಲಿಕವಾಗಿ ಸಾಕಲು ಕರೆತಂದು ಎರಡು ವರ್ಷ ಎರಡು ತಿಂಗಳಾಯಿತು. ಈಗ ಗಂಡ ಹೆಂಡತಿ ಅವಳನ್ನು ದತ್ತು ಕೇಳಿದ್ದಾರೆ. ಇಂಥ ಮಕ್ಕಳಿಗೆ ಕಾಯಂ ಮನೆ ಸಿಗುವವರೆಗೆ ಅವರ ಕಡತದ ಹಿಂದೆ ಓಡುವುದು ನನ್ನ ಕೆಲಸ.

ಕಡತ ಸಿಕ್ಕಿಹಾಕಿಕೊಂಡದ್ದು ಎರಡೇ ಸಾಲಿನಲ್ಲಿ. ಗುರುತಿನ ಚಿಹ್ನೆ ಒಂದು: ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ. ಎರಡು: ಎಡ ಅಂಗಾಲಿನಲ್ಲಿ ಕಪ್ಪು ಮಚ್ಚೆ. ಪದ್ಮಾಳಿಗೆ ಎರಡೂ ಇಲ್ಲ. ಹಾಗಾದರೆ ಇದು ಬೇರೆ ಮಗುವೇ ಇರಬೇಕೆಂದು ದತ್ತು ಕಡತ ನೋಡುವ ಅಧಿಕಾರಿಗೆ ಅನುಮಾನ. ಇದೇ 25ರಂದು ನಡೆಯುವ ಮಕ್ಕಳ ಕಲ್ಯಾಣ ಸಮಿತಿಯ ಸಭೆಯೊಳಗೆ ಇದು ಬಗೆಹರಿಯದಿದ್ದರೆ, ವಿಚಾರಣೆ ಮುಗಿಯುವವರೆಗೆ ಅವಳು ಮಕ್ಕಳ ಮನೆಗೆ ವಾಪಸ್.

ಹೆಣ್ಣುಮಕ್ಕಳಾದ್ದರಿಂದ ಮೂವರಿಗೂ ಉಚಿತ ಟಿಕೆಟ್. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಸುಮಾರು ಹದಿಮೂರು ಕಿಲೋಮೀಟರ್. ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ, ಅದರಲ್ಲಿ ಟಿನ್ ಫ್ಯಾಕ್ಟರಿ ಹತ್ತಿರವೇ ಇಪ್ಪತ್ತಾರು. ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಮುಂದೆ ನಲವತ್ತೊಂದು ಜನ. ಚರ್ಮದ ಡಾಕ್ಟರು ಪದ್ಮಾಳ ಕೆನ್ನೆ ಉಜ್ಜಿದರು, ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡಿದರು. ಅವಳು ಕಚಗುಳಿಯಾಗಿ ಕಾಲೆಳೆದುಕೊಂಡಳು.

"ಮಚ್ಚೆ ಇಲ್ಲ," ಎಂದರು.

"ಯಾವತ್ತೂ ಇರ್ಲಿಲ್ಲ ಅಂತ ಬರ್ಕೊಡ್ತೀರಾ ಸರ್?" ಎಂದು ಕೇಳಿದೆ.

"ಇವತ್ತಿಲ್ಲ ಅಂತ ಬರೀಬಹುದಮ್ಮ. ಆರು ವರ್ಷದ ಹಿಂದೆ ನಾನು ನೋಡಿದ್ನಾ?"

'ಇವತ್ತಿಲ್ಲ' ಎನ್ನುವುದು ನಮಗೂ ಗೊತ್ತಿತ್ತು. ಆ ಚೀಟಿ ಹಿಡಿದು ರಸೆಲ್ ಮಾರುಕಟ್ಟೆಯ ಎದುರು ಇಡ್ಲಿ ತಿಂದೆವು. ಪದ್ಮಾಳದು ನಾಲ್ಕು, ನಮ್ಮಿಬ್ಬರದು ಸೇರಿ ಮೂರು.

ಹಲಸೂರಿನ ಮಕ್ಕಳ ರಕ್ಷಣಾ ಕಚೇರಿಗೆ ತಲುಪಿದಾಗ 12.15. ಆರು ವರ್ಷದ ಹಿಂದೆ ಮಗು ಪೊಲೀಸರಿಗೆ ಸಿಕ್ಕ ದಿನದ ಮೂಲ ಕಾಗದ ಅಲ್ಲಿತ್ತು. ಗುಮಾಸ್ತರು ಊಟ ಮುಗಿಸಿ, ಬೀಗದ ಕೈ ಹುಡುಕಿ, 2.05ಕ್ಕೆ ಕಟ್ಟು ಬಿಚ್ಚಿದರು. ಫೋಟೋದಲ್ಲಿ ಒಂದು ವರ್ಷದ ಮಗು ಬೆಂಚಿನ ಮೇಲೆ ಕಾಲು ಚಾಚಿ ಕೂತಿತ್ತು. ಕೆನ್ನೆಯ ಮೇಲೆ ದುಂಡಗೆ ಕಪ್ಪು. ಅಂಗಾಲಿನಲ್ಲೂ ಕಪ್ಪು.

"ನೋಡಿ, ಇದ್ಯಲ್ಲ!" ಎಂದರು ಗುಮಾಸ್ತರು.

ಸಾಬಮ್ಮ ಫೋಟೋವನ್ನು ಕಿತ್ತುಕೊಂಡಂತೆಯೇ ತೆಗೆದುಕೊಂಡರು. "ಅಯ್ಯ, ಇದು ಮಚ್ಚಿ ಅಲ್ರೀ! ದೃಷ್ಟಿ ಬೊಟ್ಟು! ಕಾಡಿಗಿ ಇದು. ಮಂದಿ ಕಣ್ಣು ತಾಕಬಾರದಂತ ಗಲ್ಲಕ್ಕ, ಅಂಗಾಲಿಗೆ ಇಡ್ತಾರಲ್ರೀ. ನಿಮ್ಮ ಮನ್ಯಾಗ ಕೂಸೇ ಇಲ್ಲೇನ್ರೀ?"

ಗುಮಾಸ್ತರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ನಾನು ಕಡತದ ಕಾಗದ ಎಣಿಸಿದೆ. ಆ ಎರಡು ಮಚ್ಚೆ ಹನ್ನೆರಡು ಕಡೆ ನಕಲಾಗಿದ್ದವು. ಹನ್ನೆರಡನೆಯದು ನನ್ನದೇ ಕೈಬರಹ. ಪ್ರತಿವಾರ ಮಗುವನ್ನು ನೋಡುತ್ತಿದ್ದ ನಾನೇ, ಹಿಂದಿನ ಹಾಳೆ ನೋಡಿ ಬರೆದಿದ್ದೆ.

"ಮೊದ್ಲು ಬರೆದೋರೇ ತಪ್ಪಾಯ್ತು ಅಂತ ಬರ್ಕೊಡ್ಬೇಕು," ಎಂದರು ಗುಮಾಸ್ತರು. ಮೊದಲು ಬರೆದ ಮಕ್ಕಳ ಮನೆಯ ಮೇಲ್ವಿಚಾರಕಿ ನಿವೃತ್ತರಾಗಿ ಇಂದಿರಾನಗರದ ಮಗಳ ಮನೆಯಲ್ಲಿದ್ದರು. ಮೆಟ್ರೋದಲ್ಲಿ ಒಂದೇ ನಿಲ್ದಾಣ, ಟಿಕೆಟ್ ಹತ್ತು ರೂಪಾಯಿ. ಮನೆ ಹುಡುಕಲು ಮಾತ್ರ ಮೂವತ್ತೈದು ನಿಮಿಷ.

ಆ ಅಜ್ಜಿ ಪದ್ಮಾಳ ಗಲ್ಲ ಹಿಡಿದು, "ಅಯ್ಯೋ ಕಣ್ಣು, ಇಷ್ಟುದ್ದ ಆಗ್ಬಿಟ್ಯಾ!" ಎಂದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ರಾತ್ರಿ ಪೊಲೀಸ್ನೋರು ತಂದ್ಬಿಟ್ರು. ಫಾರಂನಲ್ಲಿ ಎರಡು ಗುರುತು ಕೇಳತ್ತೆ. ಕಂಡಿದ್ದು ಬರ್ದೆ. ಬೆಳಿಗ್ಗೆ ಸ್ನಾನ ಮಾಡ್ಸಿದ್ದು ಆಯಮ್ಮ. ಅವ್ರು ನನಗೆ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಒಂದು ಪುಟ ಬರೆದು ಸಹಿ ಹಾಕಿದರು. ಸಾಬಮ್ಮ ಅವರ ಕಾಲು ಮುಟ್ಟಿದರು. ಅರ್ಧ ಓಡುತ್ತ ಹಲಸೂರಿಗೆ ಮರಳಿದೆವು. 4.40. ಗುಮಾಸ್ತರು ಪತ್ರವನ್ನು ಎರಡು ಸಲ ಓದಿ ಮುದ್ರೆ ಒತ್ತಿದರು. ನಾನು ಉಸಿರು ಬಿಟ್ಟೆ.

"ಸರಿ, ಹಳೇ ಎರಡು ತೆಗೀತೀನಿ. ಹೊಸ ಎರಡು ಹೇಳಿ."

"ಹೊಸ ಎರಡು ಏನು?"

"ಗುರುತು ಮೇಡಂ. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳಲ್ಲ. ಮಚ್ಚೆ, ಹೊಲಿಗೆ, ಸುಟ್ಟ ಕಲೆ, ಏನೋ ಒಂದಿರತ್ತಲ್ಲ?"

ಸಾಬಮ್ಮ ತಲೆಯಾಡಿಸಿದರು. "ಎರಡು ವರ್ಷ ದಿನಾ ನಾನೇ ಮೈ ತೊಳದೀನ್ರಿ. ಒಂದು ಕಲಿನೂ ಇಲ್ಲ."

"ಒಂದ್ಸಲ ಜೋರಾಗಿ ಬಿದ್ದಿದ್ರೆ ಕೆಲ್ಸ ಆಗ್ತಿತ್ತು," ಎಂದು ಗುಮಾಸ್ತರು ನಕ್ಕರು.

"ಬೀಳಾಕ ಬಿಟ್ಟಿಲ್ರೀ ನಾ," ಎಂದರು ಸಾಬಮ್ಮ. ಅವರು ನಗಲಿಲ್ಲ.

ಕೆ.ಆರ್. ಪುರಕ್ಕೆ ವಾಪಸಾದಾಗ 7.10. ಪದ್ಮಾ ಸಾಬಮ್ಮನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ದಿನದ ಲೆಕ್ಕ: ಹನ್ನೊಂದೂವರೆ ಗಂಟೆ, ಒಂದು ಆಸ್ಪತ್ರೆ, ಒಂದೇ ಕಚೇರಿ ಎರಡು ಸಲ, ಒಂದು ಮನೆ, ಅಳಿಸಿದ ಗುರುತು ಎರಡು, ಸಿಕ್ಕ ಗುರುತು ಸೊನ್ನೆ.

ಮಚ್ಚೆಯಾಗಲಿ ಗಾಯದ ಕಲೆಯಾಗಲಿ ಇಲ್ಲದ ಮಗುವಿನ ಫಾರಂನ ಆ ಎರಡು ಸಾಲುಗಳಲ್ಲಿ ಏನು ಬರೆದರೆ ಒಪ್ಪುತ್ತಾರೆ? ಇಂಥ ಕಡತವನ್ನು ದಾಟಿಸಿದವರು ಯಾರಾದರೂ ಇದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ದಯವಿಟ್ಟು 24ರ ಸಂಜೆಯೊಳಗೆ.