ಬಸುರಿಯ ಗಂಡನ ಗಡ್ಡ

ಬಸುರಿ ಹೆಂಡತಿ, ಗಡ್ಡ ಬಿಡಬೇಕಾದವನು ನಾನು! ಈ ಪದ್ಧತಿ ಮಾಡಿಟ್ಟ ಹಿರಿಯ ಯಾರೋ ಏನೋ, ಹತ್ತಿ ಗಿರಣಿಯಲ್ಲಿ ಒಂದು ದಿನವೂ ದುಡಿದವನಲ್ಲ. ಅರಳೆಯ ಧೂಳು ಗಡ್ಡದಲ್ಲಿ ಸಿಕ್ಕಿ, ಬೆವರಿಗೆ ನೆನೆದು, ಹಗಲೆಲ್ಲ ಕೆರೆದುಕೊಳ್ಳುವ ಸುಖ ಅವನಿಗೂ ಸಿಗಬೇಕಿತ್ತು.

ಮೂಡಲಗಿಯ ಹೊರಗೆ ಆಗ ಒಂದು ಸಣ್ಣ ಗಿರಣಿ ಇತ್ತು. ಯಂತ್ರಕ್ಕೆ ಹತ್ತಿ ಉಣಿಸುವುದು ನನ್ನ ಕೆಲಸ. ವಾರಕ್ಕೆರಡು ಸಂಜೆ, ಕೆಲಸ ಬಿಟ್ಟ ಕೂಡಲೇ ಬೇವಿನ ಮರದ ಕೆಳಗೆ ಕೂತಿರುತ್ತಿದ್ದ ಹಡಪದ ಕಾಕಾನ ಹತ್ತಿರ ಕ್ಷೌರಕ್ಕೆ ಓಡುತ್ತಿದ್ದೆ. ಮನೆಗಳಲ್ಲಿ ದೀಪ ಹಚ್ಚಿದರೆಂದರೆ ಅವನು ಕತ್ತಿ ಮುಟ್ಟುತ್ತಿರಲಿಲ್ಲ. ಹಿತ್ತಾಳೆ ಬಟ್ಟಲಿನ ನೀರು ಹಚ್ಚಿ, ಹೆಬ್ಬೆರಳಿನಿಂದ ಗಲ್ಲ ತಿಕ್ಕಿ ತಿಕ್ಕಿ ಅವನು ಮೆತ್ತಗೆ ಮಾಡುವಷ್ಟರಲ್ಲಿ ಕಿವಿಯೊಳಗಿನ ಯಂತ್ರದ ಸದ್ದು ನಿಲ್ಲುತ್ತಿತ್ತು. ಕತ್ತಿ ಆಡುವಾಗ ನನಗೆ ತೂಕಡಿಕೆ ಬರುತ್ತಿತ್ತು. ದುಡಿದವನಿಗೆ ಅದಕ್ಕಿಂತ ದೊಡ್ಡ ಸುಖ ಇದ್ದುದು ನನಗಂತೂ ಗೊತ್ತಿರಲಿಲ್ಲ.

ಹೆಂಡತಿಗೆ ಐದು ತಿಂಗಳು ತುಂಬಿದಾಗ ಅವ್ವ ನನಗೇನೂ ಹೇಳಲಿಲ್ಲ, ನೇರ ಕಾಕಾನಿಗೇ ಹೇಳಿ ಕಳಿಸಿದಳು.

"ಕೂಸು ಹುಟ್ಟೂತನಕ ಇತ್ತ ಬರಬ್ಯಾಡಪಾ," ಎಂದ ಕಾಕಾ.

"ಮಾರಿ ನಂದೈತಿ ಕಾಕಾ."

"ಖರೆ, ಮಾರಿ ನಿಂದೈತಿ. ಸುಗ್ಗ್ಯಾಗ ನನಗ ಜ್ವಾಳ ಅಳದು ಕೊಡಾಕಿ ನಿಮ್ಮವ್ವ."

ಸಿಟ್ಟಿನಿಂದ ಗೋಕಾಕದ ಸಂತೆಗೆ ಹೋದೆ. ಅಲ್ಲಿನ ಹಡಪದವನು ನೀರು ಹಚ್ಚಿದ, ತಿಕ್ಕಿದ, ನನ್ನ ಕಣ್ಣು ಮುಚ್ಚಿತು. ಆಗ ಕೇಳಿದ: "ಯಾವೂರ್ರಿ? ಯಾರ ಮನಿಯವ್ರು?" ಸುಮ್ಮನಿರದೆ ಎಲ್ಲ ಹೇಳಿಬಿಟ್ಟೆ. ಅವನು ಕತ್ತಿ ಮಡಚಿಟ್ಟ. ಮೂಡಲಗಿಯ ಕಾಕಾನಿಗೆ ಸೇರಿದ ಮನೆತನದವರನ್ನು ಮುಟ್ಟಿದರೆ ಅವನ ಕುಲದವರೇ ಅವನನ್ನು ಊಟದ ಪಂಕ್ತಿಯಿಂದ ಎಬ್ಬಿಸುತ್ತಾರಂತೆ! ಎತ್ತಿಗಾದರೆ ಯಾವ ಊರಲ್ಲಿ ಬೇಕಾದರೂ ಲಾಳ ಹೊಡೆಸಬಹುದು, ನನ್ನ ಗಲ್ಲಕ್ಕೆ ಅಷ್ಟೂ ಸ್ವಾತಂತ್ರ್ಯವಿಲ್ಲ. ಒದ್ದೆ ಗಡ್ಡ ಹೊತ್ತುಕೊಂಡು ಊರಿಗೆ ಬಂದೆ.

ಸೀಮಂತದ ಕುಬಸ ಮುಗಿಸಿ ಹೆಂಡತಿ ತವರು ಹುಕ್ಕೇರಿಗೆ ಹೋದಳು. ಹೆರಿಗೆ ಹತ್ತಿರ ಬಂದಾಗ ನಾನೂ ಹೋದೆ. ಅಂಗಳದಲ್ಲಿ ಅವರ ಮನೆಯ ಹಡಪದವರು ಮಾವನ ಗಡ್ಡ ತೆಗೆಯುತ್ತಿದ್ದರು. ಬಂದ ಅಳಿಯನೂ ಅವರ ಲೆಕ್ಕದಲ್ಲಿ ಆ ಮನೆಯವನೇ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು.

"ನಿಮ್ಮ ಮಾರ್‍ಯಾಗ ನಿಮ್ಮನ್ನ ಹುಡುಕಬೇಕಾಗೇತಿ. ಕುಂಡರ್ರಿ."

ಹಡಪದವರು ಹಿಂಜರಿದರು: "ತಂಗಿ, ಹಿಂಗ ಮಾಡಬಾರದವಾ."

"ಹೊಟ್ಟ್ಯಾಗಿರೂದು ನನ್ನ ಕೂಸು. ನಾ ಹೇಳಾಕತ್ತೇನಿ, ತಗೀರಿ."

ಮೂಡಲಗಿಯಲ್ಲಿ ಅವಳು ಹೀಗೆ ಬಾಯಿ ಬಿಟ್ಟದ್ದನ್ನು ನಾನು ಕೇಳಿರಲಿಲ್ಲ. ಮಾವ ಮೀಸೆಯಲ್ಲೇ ನಕ್ಕು ಜಾಗ ಬಿಟ್ಟುಕೊಟ್ಟರು. ಆ ನೀರು ಗಲ್ಲಕ್ಕೆ ಬಿದ್ದದ್ದೇ ತಡ, ನನಗೆ ಹೋದ ಜೀವ ಬಂದ ಹಾಗಾಯಿತು. ಕತ್ತಿ ಗಂಟಲ ಮೇಲಿರುವಾಗಲೇ ನಿದ್ದೆ ಹೋದೆನಂತೆ. ಮುಗಿದ ಮೇಲೆ ಹೆಂಡತಿಯೇ ಅಲುಗಿಸಿ ಎಬ್ಬಿಸಿದಳು.

ಆ ವಾರದಲ್ಲೇ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬ ಕೂದಲು, ಊರೇ ಎದ್ದು ಕೂರುವಂಥ ದನಿ. ಅವ್ವ ಚಕ್ಕಡಿಯಲ್ಲಿ ಬಂದಿಳಿದಳು. ಅತ್ತೆ ಕೂಸನ್ನು ಮುಂದೆ ಹಿಡಿದರು. ಅವ್ವ ಕೂಸಿನ ಮುಖ ನೋಡಲಿಲ್ಲ, ನನ್ನ ಗಲ್ಲ ನೋಡಿದಳು.

"ಗಡ್ಡ ತಗಸಿದೆಲಾ, ಅದಕ್ಕ ಹೆಣ್ಣಾತು."

ಅಷ್ಟು ದಿನ ಗಡ್ಡಕ್ಕಾಗಿ ಮಾಡಿಕೊಂಡ ಸಿಟ್ಟು ಸಿಟ್ಟೇ ಅಲ್ಲ ಅನ್ನಿಸಿತು. ಹುಟ್ಟಿ ಎರಡು ದಿನವಾಗಿಲ್ಲ, ನನ್ನ ಮಗಳು ಆಗಲೇ ಯಾರದೋ ತಪ್ಪಿನ ಫಲ! ಒಳಗೆ ಮಲಗಿದ್ದ ಬಾಣಂತಿಗೂ ಆ ಮಾತು ಕೇಳಿಸಿತ್ತು. ಅತ್ತೆಯ ಕೈಯಿಂದ ಕೂಸನ್ನು ನಾನೇ ತೆಗೆದುಕೊಂಡೆ.

"ಹಂಗಾದ್ರ ಮುಂದಿನ ಸಲ ದಿನಾ ತಗಸ್ತೇನಿ," ಎಂದೆ.

ಒಳಗೆ ಹೆಂಡತಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅವ್ವ ಮರುದಿನ ಬೆಳಿಗ್ಗೆ ಅದೇ ಚಕ್ಕಡಿಯಲ್ಲಿ ತಿರುಗಿ ಹೋದಳು, ಕೂಸನ್ನು ಒಮ್ಮೆಯೂ ಎತ್ತಿಕೊಳ್ಳದೆ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.